ಟಾಕೀಸಿನಲ್ಲಿ ಹುಟ್ಟಿದ ಚರ್ಚು

ಅಮೆರಿಕದ ಷಿಕಾಗೊ ನಗರದಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ಹಾದಿ ಸವೆಸಿದರೆ ಸೌತ್ ಬ್ಯಾರಿಂಗ್ಟನ್ ಎಂಬ ಊರು ಸಿಗುತ್ತದೆ. ಊರೆಂದ ಮಾತ್ರಕ್ಕೆ ಅಲ್ಲಿ ಪೇಟೆ, ಚೌಕ, ಅರಳೀಕಟ್ಟೆಗಳನ್ನು ಹುಡುಕಬಾರದು. ವಿಶಾಲವಾದ ಹುಲ್ಲುಹಾಸಿನ ನಡುವೆ ಒಂದರಿಂದೊಂದು ದೂರ ಸರಿದು ನಿಂತ ಮನೆಗಳು, ಮನೆಗೆ ಎರಡು ಮೂರು ಕಾರುಗಳು, ನಡೆದು ಹೋಗುವವನು ಯಾರಾದರೂ ಇದ್ದಾನೆಂಬ ಕಲ್ಪನೆಯೇ ಇಲ್ಲದೆ ಹಾಕಿದ ರಸ್ತೆಗಳು. ಊರೆಂದರೆ ಇಷ್ಟೇ. ಆ ಊರಿನ ಆಲ್ಗಾಂಕ್ವಿನ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಮಾತ್ರ ತೇರಿನ ದಿನದ ದಟ್ಟಣೆ. ಕಾರಿನ ಹಿಂದೆ ಕಾರು ಸಾಲುಗಟ್ಟಿ, ಒಂದು ಕೆರೆಯನ್ನು ಬಳಸಿಕೊಂಡು, ಮೈದಾನದಂತಹ ನಿಲುದಾಣಗಳಿಗೆ ಹರಿದುಹೋಗುತ್ತವೆ. ಮಗನ ಮನೆಗೆಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಹಿರಿಯರು ಇದನ್ನು ಕಂಡು, ಭಾನುವಾರವೂ ಕೆಲಸ ಮಾಡಿಸುವ ಇದಾವ ಕಂಪೆನಿಯಪ್ಪಾ ಎಂದು ಕೇಳಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಅದು ಕಂಪೆನಿಯಲ್ಲ, ವಿಲೋ ಕ್ರೀಕ್ ಎಂಬ ಚರ್ಚು. ಆದರೆ ಕಂಪೆನಿಯೆಂದು ಭ್ರಮಿಸಿದವರನ್ನು ದೂರುವಂತಿಲ್ಲ. ನೂರೈವತ್ತು ಎಕರೆಯಷ್ಟು ವಿಸ್ತಾರವಾದ ಆವರಣದಲ್ಲಿ ಗಾಜು, ಇಟ್ಟಿಗೆಗಳ ದೊಡ್ಡ ಕಟ್ಟಡ. ಶಿಖರವಿಲ್ಲ, ಗಂಟೆಯಿಲ್ಲ, ಬಣ್ಣದ ಗಾಜಿನಲ್ಲಿ ಮೂಡಿದ ಸಂತರಿಲ್ಲ. ಒಳಗೆ ಹೋದರೆ ವಿಮಾನ ನಿಲ್ದಾಣದಂತಹ ಮೊಗಸಾಲೆ, ಪುಸ್ತಕದ ಅಂಗಡಿ, ಊಟ ತಿಂಡಿಯ ಸಾಲು. ೨೦೦೪ರಲ್ಲಿ ತೆರೆದ ಸಭಾಂಗಣದಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಆಸನಗಳು; ಮರದ ಗಟ್ಟಿ ಬೆಂಚುಗಳಲ್ಲ, ನಾಟಕಶಾಲೆಯ ಮೆತ್ತೆ ಕುರ್ಚಿಗಳು. ಎಲ್ಲಕ್ಕಿಂತ ವಿಚಿತ್ರವೆಂದರೆ, ಕ್ರೈಸ್ತ ಮಂದಿರಕ್ಕೆ ಮೊದಲ ಗುರುತಾದ ಶಿಲುಬೆಯನ್ನು ಇದನ್ನು ಕಟ್ಟಿದವರು ಬೇಕೆಂದೇ ಕೈಬಿಟ್ಟಿದ್ದರು. ಮರೆತದ್ದಲ್ಲ, ಬಡತನವೂ ಅಲ್ಲ. ಜನರನ್ನು ಕೇಳಿ ತಿಳಿದುಕೊಂಡು ಮಾಡಿದ ಏರ್ಪಾಡು ಅದು.

ಆ ಕೇಳಿದ ಕಥೆ ಹೇಳುವ ಮುನ್ನ ಕೇಳಿಸಿಕೊಂಡ ಊರುಗಳ ಸಂಗತಿ ಸ್ವಲ್ಪ ತಿಳಿದಿರಬೇಕು. ಎರಡನೆಯ ಮಹಾಯುದ್ಧ ಮುಗಿದು ಯೋಧರು ಮನೆಗೆ ಮರಳಿದಾಗ ಅಮೆರಿಕದ ಸರ್ಕಾರ ಅವರಿಗೆ ಸುಲಭದ ಕಂತಿನಲ್ಲಿ ಮನೆಸಾಲ ಕೊಡಿಸಿತು. ೧೯೫೬ರ ಕಾಯಿದೆಯಿಂದ ದೇಶದ ಉದ್ದಗಲಕ್ಕೂ ಹೆದ್ದಾರಿಗಳು ಹಬ್ಬಿದವು. ನಗರದ ಇಕ್ಕಟ್ಟು ಬೇಸತ್ತ ಮಧ್ಯಮ ವರ್ಗದವರು ಹೊಲಗದ್ದೆಗಳನ್ನು ಕೊಂಡು ಕಟ್ಟಿದ ಬಡಾವಣೆಗಳಿಗೆ ಹೊರಟರು. ಹೊರಟವರು ಬಹುತೇಕ ಬಿಳಿಯರೇ. ಕರಿಯರಿಗೆ ಅಂಥ ಸಾಲವೂ ಅಂಥ ನಿವೇಶನವೂ ಸಿಕ್ಕದಂತೆ ಬಹುಕಾಲ ನಡೆದ ತಂತ್ರಗಳು ಆ ಹಸಿರು ಹುಲ್ಲುಹಾಸಿನ ಕೆಳಗೆ ಹುದುಗಿವೆ. ಸೌತ್ ಬ್ಯಾರಿಂಗ್ಟನ್ನಿಗೆ ಅಷ್ಟೇನೂ ದೂರವಿಲ್ಲದ ಶಾಂಬರ್ಗ್ ಎಂಬ ಹಳ್ಳಿ ೧೯೫೬ರಲ್ಲಿ ಪುರಸಭೆಯಾಗಿ ನೋಂದಣಿಯಾದಾಗ ಅಲ್ಲಿದ್ದವರು ೧೩೦ ಜನ. ೧೯೭೧ರಲ್ಲಿ ಅಲ್ಲಿ ವುಡ್‌ಫೀಲ್ಡ್ ಎಂಬ ಭಾರಿ ಮಳಿಗೆ ಸಂಕೀರ್ಣ ತೆರೆಯಿತು. ೧೯೮೦ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ೫೩ ಸಾವಿರ ದಾಟಿತ್ತು. ಒಬ್ಬ ಮನುಷ್ಯನ ಬಾಲ್ಯ ಮುಗಿಯುವಷ್ಟರಲ್ಲಿ ಜೋಳದ ಹೊಲ ಪಟ್ಟಣವಾಯಿತು!

ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನನಿಗೆ ದೊಡ್ಡ ಕಂಪೆನಿಯಲ್ಲಿ ಕೆಲಸ. ಮೂರು ವರ್ಷದಲ್ಲಿ ಎರಡು ವರ್ಗ. ಅವನ ಅಪ್ಪ ಅಮ್ಮ ಇರುವುದು ಬೇರೊಂದು ರಾಜ್ಯದಲ್ಲಿ. ಹುಟ್ಟಿದೂರಿನಲ್ಲಿ ಅಜ್ಜಿ ಕೈಹಿಡಿದು ಕರೆದೊಯ್ಯುತ್ತಿದ್ದ ಚರ್ಚು, ಹೆಸರು ಹಿಡಿದು ಮಾತನಾಡಿಸುವ ಪಾದ್ರಿ, ಗೋರಿಗಳ ಮೇಲೆ ಕಾಣುವ ಮನೆತನದ ಹೆಸರು ಯಾವುವೂ ಇಲ್ಲಿಲ್ಲ. ಅವನ ಹೆಂಡತಿ ಬೆಳಗಿನಿಂದ ಸಂಜೆಯವರೆಗೆ ಆ ದೊಡ್ಡ ಮನೆಯಲ್ಲಿ ಎಳೆಯ ಮಕ್ಕಳೊಡನೆ ಒಬ್ಬಳೇ. ನೆರೆಮನೆಯವರ ಕಾರಿನ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ಭಾನುವಾರ ಚರ್ಚಿಗೆ ಹೋಗುವುದನ್ನು ಅವರು ದ್ವೇಷದಿಂದ ಬಿಟ್ಟವರಲ್ಲ. ಊರು ಬಿಟ್ಟಾಗ ಅದೂ ಬಿಟ್ಟುಹೋಯಿತು, ಅಷ್ಟೇ.

ಅಂಥವರನ್ನು ಹುಡುಕಿಕೊಂಡು ಹೋದವರಲ್ಲಿ ವಿಲೋ ಕ್ರೀಕಿನವರೇ ಮೊದಲಿಗರೇನಲ್ಲ. ಕ್ಯಾಲಿಫೋರ್ನಿಯದ ಗಾರ್ಡನ್ ಗ್ರೋವ್ ಎಂಬಲ್ಲಿಗೆ ೧೯೫೫ರಲ್ಲಿ ಬಂದ ರಾಬರ್ಟ್ ಷುಲರ್ ಎಂಬ ಸಭಾಪಾಲಕ ಕಟ್ಟಡವೇ ಇಲ್ಲದೆ ಚರ್ಚು ಆರಂಭಿಸಿದ್ದ. ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದನ್ನು ಭಾನುವಾರ ಬೆಳಿಗ್ಗೆ ಬಾಡಿಗೆಗೆ ಹಿಡಿದು, ತಿಂಡಿ ಅಂಗಡಿಯ ಚಾವಣಿಯ ಮೇಲೆ ನಿಂತು ಅವನು ಬೋಧಿಸಿದ. ಭಕ್ತರು ಕಾರಿನೊಳಗೇ ಕುಳಿತು ಕೇಳಿದರು. ಅವನೂ ಮನೆಮನೆಯ ಕದ ತಟ್ಟಿದವನೇ. ೧೯೮೦ರಲ್ಲಿ ಅದೇ ಸಭೆ ಸ್ಫಟಿಕದಂತೆ ಹೊಳೆಯುವ ಗಾಜಿನ ಮಹಾಮಂದಿರವನ್ನು ಕಟ್ಟಿತು. ೨೦೧೦ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಈಗ ಆ ಗಾಜಿನ ಮಂದಿರ ರೋಮನ್ ಕ್ಯಾಥೊಲಿಕ್ ಬಿಷಪ್ಪರ ಪೀಠ. ಅದೊಂದು ಬೇರೆಯೇ ಕಥೆ.

ಬಿಲ್ ಹೈಬಲ್ಸ್ ಎಂಬ ತರುಣ ಷುಲರನ ಕೆಲಸವನ್ನು ಕಂಡು ಹುರುಪುಗೊಂಡವರಲ್ಲಿ ಒಬ್ಬ. ಮಿಷಿಗನ್ನಿನ ಕಲಮಜೂ ಊರಿನ ಹಣ್ಣು ತರಕಾರಿ ಸಗಟು ವ್ಯಾಪಾರಿಯ ಮಗ. ವ್ಯಾಪಾರ ಮನೆತನದಿಂದ ಬಂದದ್ದು, ಮಾತು ಹುಟ್ಟಿನಿಂದ. ಷಿಕಾಗೊ ಹತ್ತಿರದ ಪಾರ್ಕ್ ರಿಜ್ ಎಂಬಲ್ಲಿ ಚರ್ಚೊಂದರ ತರುಣ ಸಂಘವನ್ನು ನಡೆಸಿ, ಹಾಡು ನಾಟಕಗಳಿಂದ ನೂರಾರು ಹುಡುಗ ಹುಡುಗಿಯರನ್ನು ಸೆಳೆದಿದ್ದ. ೧೯೭೫ರಲ್ಲಿ ಅವನಿಗೆ ಇನ್ನೂ ಇಪ್ಪತ್ತಮೂರು ವರ್ಷ. ಗೆಳೆಯರನ್ನು ಕಟ್ಟಿಕೊಂಡು ಪ್ಯಾಲಟೈನ್ ಸುತ್ತಿನ ಬಡಾವಣೆಗಳಲ್ಲಿ ಕದ ತಟ್ಟುತ್ತ ಹೋದ. ಕದ ತೆರೆದವರಿಗೆ ಕೇಳಿದ್ದು ಒಂದೇ ಮಾತು: ತಾವು ಯಾವುದಾದರೂ ಚರ್ಚಿಗೆ ಹೋಗುತ್ತೀರಾ? ಹೌದೆಂದವರಿಗೆ ವಂದಿಸಿ ಮುಂದಿನ ಮನೆ. ಇಲ್ಲವೆಂದವರಿಗೆ ಇನ್ನೊಂದೇ ಪ್ರಶ್ನೆ: ಏಕೆ ಹೋಗುವುದಿಲ್ಲ?

ಬಂದ ಉತ್ತರಗಳಲ್ಲಿ ದೇವರ ಅಸ್ತಿತ್ವದ ಚರ್ಚೆ ಇರಲಿಲ್ಲ. ಹೋದಾಗಲೆಲ್ಲ ಹಣ ಕೇಳುತ್ತಾರೆ. ಬೋಧನೆ ನಿದ್ದೆ ತರಿಸುತ್ತದೆ. ಈ ವಾರ ಆದದ್ದೇ ಮುಂದಿನ ವಾರವೂ. ಅಲ್ಲಿ ಹೇಳುವುದಕ್ಕೂ ಮನೆಯ ಕಷ್ಟಸುಖಕ್ಕೂ ಸಂಬಂಧವಿಲ್ಲ. ಪಾಪಿ, ಪಾಪಿ ಎಂದು ಕೇಳಿಸಿಕೊಂಡು ಹಿಂತಿರುಗಬೇಕು. ಇಂಥ ಉತ್ತರ ಕೇಳಿದ ಸಾಂಪ್ರದಾಯಿಕ ಪಾದ್ರಿ ಜನರ ಶ್ರದ್ಧೆ ಕೆಟ್ಟಿತೆಂದು ಮರುಗುತ್ತಿದ್ದನೇನೋ. ತರಕಾರಿ ವ್ಯಾಪಾರಿಯ ಮಗ ಹಾಗೆ ಮರುಗಲಿಲ್ಲ. ಗಿರಾಕಿ ಸರಕನ್ನು ಒಲ್ಲೆನೆಂದರೆ ತಪ್ಪು ಗಿರಾಕಿಯದಲ್ಲ ಎಂಬುದು ಅವನು ಮನೆಯಲ್ಲೇ ಕಲಿತ ಪಾಠ.

ಕೈಯಲ್ಲಿ ಹಣವಿರಲಿಲ್ಲ. ತಂಡದವರು ಮನೆಮನೆಗೆ ಟೊಮೇಟೊ ಮಾರಿ ಬಂಡವಾಳ ಕೂಡಿಸಿದರು. ಪ್ಯಾಲಟೈನಿನ ವಿಲೋ ಕ್ರೀಕ್ ಎಂಬ ಟಾಕೀಸನ್ನು ಭಾನುವಾರ ಬೆಳಗಿನ ಹೊತ್ತಿಗೆ ಬಾಡಿಗೆಗೆ ಹಿಡಿದರು. ೧೯೭೫ನೆಯ ಅಕ್ಟೋಬರ್ ೧೨ರಂದು ಮೊದಲ ಆರಾಧನೆ ನಡೆಯಿತು. ಟಾಕೀಸಿನ ಹೆಸರೇ ಚರ್ಚಿಗೂ ಅಂಟಿತು. ಸಂತರ ಹೆಸರಿಲ್ಲದೆ ಚಿತ್ರಮಂದಿರದ ಹೆಸರು ಹೊತ್ತ ಚರ್ಚು ಅಪರೂಪವೇ ಸರಿ. ೧೯೮೧ರಲ್ಲಿ ಸೌತ್ ಬ್ಯಾರಿಂಗ್ಟನ್ನಿನ ಸ್ವಂತ ನೆಲಕ್ಕೆ ಬಂದ ಮೇಲೂ ಆ ಹೆಸರು ಬದಲಾಗಲಿಲ್ಲ.

ಆರಾಧನೆಯ ಕ್ರಮವೇ ಬೇರೆ. ವಾರಾಂತ್ಯದ ಸಭೆ ನಡೆಯುವುದು ಭಕ್ತನಿಗಾಗಿಯಲ್ಲ, ಹೊಸಬನಿಗಾಗಿ. ನಂಬುವುದೋ ಬೇಡವೋ ಎಂದು ಇನ್ನೂ ಹೊಯ್ದಾಡುತ್ತಿರುವವನಿಗಾಗಿ. ಆರ್ಗನ್ನಿನ ಬದಲು ಗಿಟಾರು, ಡ್ರಮ್ಮುಗಳ ವಾದ್ಯಗೋಷ್ಠಿ. ಬಳಿಕ ಸಂಸಾರದ ತಾಪತ್ರಯವನ್ನೋ, ಕೆಲಸ ಕಳೆದುಕೊಂಡವನ ಸಂಕಟವನ್ನೋ ಎತ್ತಿಕೊಂಡ ಹತ್ತು ನಿಮಿಷದ ಕಿರುನಾಟಕ. ನಾಟಕ ಎತ್ತಿದ ಪ್ರಶ್ನೆಗೆ ಬೈಬಲ್ಲಿನಿಂದ ಉತ್ತರ ಕೊಡುವ ಮಾತು. ಮಾತನಾಡುವವನಿಗೆ ನಿಲುವಂಗಿಯಿಲ್ಲ, ಪೀಠವಿಲ್ಲ. ಕಾಣಿಕೆಯ ಹೊತ್ತಿಗೆ, ಹೊಸದಾಗಿ ಬಂದವರು ಏನೂ ಕೊಡಬೇಕಾಗಿಲ್ಲವೆಂದು ವೇದಿಕೆಯಿಂದಲೇ ಹೇಳುತ್ತಿದ್ದರು. ಹೆಸರು ಹೇಳು, ಎದ್ದು ನಿಲ್ಲು ಎಂಬ ಒತ್ತಾಯವೂ ಇಲ್ಲ. ಕತ್ತಲಲ್ಲಿ ಬಂದು, ಕುಳಿತು, ಕೇಳಿ, ಯಾರ ಕಣ್ಣಿಗೂ ಬೀಳದೆ ಎದ್ದು ಹೋಗಬಹುದು. ಶ್ರದ್ಧಾವಂತರಿಗೆ ಬೇಕಾದ ಗಂಭೀರ ಬೋಧನೆ, ಪ್ರಭುಭೋಜನ ಎಲ್ಲ ವಾರದ ನಡುವಿನ ಸಂಜೆ ಬೇರೆಯಾಗಿ ನಡೆಯುತ್ತಿದ್ದವು. ಜೂನ್ ತಿಂಗಳಲ್ಲಿ ಆವರಣದ ಕೆರೆಯಲ್ಲೇ ದೀಕ್ಷಾಸ್ನಾನ.

ಇದನ್ನು ಹಗುರವಾದ ಭಕ್ತಿಯೆಂದು ಮೂಗು ಮುರಿದವರು ಅನೇಕರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೂಗು ಮುರಿದವರಾರೂ ಆ ಒಂಟಿ ಗೃಹಿಣಿಯ ಮನೆಯ ಕದ ತಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಗುರುತಿಲ್ಲದವನಿಗೆ ಗುರುತಿಲ್ಲದಂತೆಯೇ ಬಂದು ಕುಳಿತುಕೊಳ್ಳಲು ಜಾಗ ಕೊಡುವುದು ಸಣ್ಣ ಉಪಕಾರವಲ್ಲ. ಮೆಲ್ಲಮೆಲ್ಲನೆ ಪರಿಚಯವಾಗಲೆಂದು, ೧೯೯೦ರ ದಶಕದಲ್ಲಿ ಎಂಟು ಹತ್ತು ಜನರ ಸಣ್ಣ ಸಣ್ಣ ಕೂಟಗಳನ್ನು ಕಟ್ಟಿದರು. ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುವುದು, ಕಾಯಿಲೆ ಕಸಾಲೆಗೆ ಒಬ್ಬರಿಗೊಬ್ಬರು ಒದಗುವುದು. ಹತ್ತಾರು ಸಾವಿರ ಜನರ ಚರ್ಚಿನಲ್ಲಿ ನಿಜವಾದ ಚರ್ಚು ಅದೇ. ಮಗುವಿಗೆ ಜ್ವರ ಬಂದಾಗ ಅನ್ನ ತಂದುಕೊಡುವುದು ಏಳು ಸಾವಿರ ಆಸನಗಳ ಸಭಾಂಗಣವಲ್ಲ, ಆ ಎಂಟು ಹತ್ತು ಜನ.

ಅಲ್ಲಿ ನಡೆದ ಸೇವೆಗಳ ಪೈಕಿ ಕಾರಿನ ಸೇವೆಯೊಂದನ್ನು ವಿಶೇಷವಾಗಿ ನೆನೆಯಬೇಕು. ಕಾಲುದಾರಿಯೇ ಇಲ್ಲದ ಊರಿನಲ್ಲಿ ಕಾರು ಕೆಟ್ಟರೆ ಕೆಲಸ ಹೋಯಿತು, ಮಕ್ಕಳ ಶಾಲೆ ತಪ್ಪಿತು. ಗಂಡನಿಲ್ಲದೆ ಮಕ್ಕಳನ್ನು ಸಾಕುವ ಹೆಂಗಸಿಗಂತೂ ಕೆಟ್ಟ ಕಾರು ಒಂದು ಆಪತ್ತು. ಚರ್ಚಿನ ಸದಸ್ಯರಲ್ಲಿ ಯಂತ್ರ ಬಲ್ಲವರು ಬಿಡುವಿನಲ್ಲಿ ಸೇರಿ ಅಂಥವರ ಕಾರುಗಳನ್ನು ರಿಪೇರಿ ಮಾಡಿಕೊಟ್ಟರು. ಯಾರೋ ದಾನ ಕೊಟ್ಟ ಹಳೆಯ ಕಾರನ್ನು ನೆಟ್ಟಗೆ ಮಾಡಿ, ಇಲ್ಲದವಳಿಗೆ ಕೊಟ್ಟುಬಿಟ್ಟರು. ಬೋಧಿಸಲು ಬಾರದವನೂ ಕೈಗೆ ಗ್ರೀಸು ಮೆತ್ತಿಕೊಂಡು ಪುಣ್ಯ ಕಟ್ಟಿಕೊಳ್ಳಬಹುದಾಯಿತು. ೨೦೧೩ರಲ್ಲಿ ಇಂಥ ಸೇವೆಗಳಿಗೆಂದೇ ಬೇರೊಂದು ಕಟ್ಟಡವೆದ್ದಿತು: ದಿನಸಿ ಹಂಚುವುದು, ಹಲ್ಲಿನ ಚಿಕಿತ್ಸೆ, ಕಾನೂನಿನ ಸಲಹೆ ಎಲ್ಲ ಅಲ್ಲಿ.

ಇಷ್ಟು ಬೆಳೆದ ಮೇಲೆ ವ್ಯಾಪಾರದ ಪಂಡಿತರು ಬಾರದಿರುತ್ತಾರೆಯೇ? ೧೯೯೧ರಲ್ಲಿ ಹಾರ್ವರ್ಡ್ ವಾಣಿಜ್ಯ ವಿದ್ಯಾಲಯ ಈ ಚರ್ಚಿನ ಬೆಳವಣಿಗೆಯನ್ನೇ ಒಂದು ಪಾಠವಾಗಿ ಬರೆಸಿ ತನ್ನ ವಿದ್ಯಾರ್ಥಿಗಳ ಮುಂದಿಟ್ಟಿತು. ೧೯೯೨ರಲ್ಲಿ ಇತರ ಚರ್ಚುಗಳಿಗೆ ಈ ಮಾರ್ಗ ಕಲಿಸುವ ಸಂಘ ಹುಟ್ಟಿತು. ೧೯೯೫ರಿಂದ ನಾಯಕತ್ವದ ಬಗೆಗೆ ವರ್ಷವರ್ಷವೂ ಮಹಾಸಮ್ಮೇಳನ. ೨೦೦೦ನೆಯ ಇಸವಿಯಲ್ಲಿ ಅಧ್ಯಕ್ಷ ಕ್ಲಿಂಟನ್ನರೇ ಆ ವೇದಿಕೆಗೆ ಬಂದು ಹೈಬಲ್ಸರೊಡನೆ ಮಾತನಾಡಿದರು. ಬಡಾವಣೆಗಳಿದ್ದ ಕಡೆಗಳಲ್ಲೆಲ್ಲ ಶಿಖರವಿಲ್ಲದ ಚರ್ಚುಗಳು ತಲೆಯೆತ್ತಿದವು. ವಾರಕ್ಕೆ ಎರಡು ಸಾವಿರ ಜನರಾದರೂ ಸೇರುವ ಚರ್ಚನ್ನು ಅಮೆರಿಕದ ವಿದ್ವಾಂಸರು ಮೆಗಾಚರ್ಚು ಎನ್ನುತ್ತಾರೆ. ಇಂದು ಅವು ಸಾವಿರವನ್ನು ಎಂದೋ ದಾಟಿವೆ.

ಇವುಗಳಲ್ಲಿ ಅನೇಕವು ಯಾವ ಪಂಗಡಕ್ಕೂ ಸೇರಿದವಲ್ಲ. ಕನ್ನಡನಾಡಿನ ಪ್ರಾಟೆಸ್ಟೆಂಟ್ ಕ್ರೈಸ್ತರ ಅನುಭವಕ್ಕೆ ಇದು ತಿರುಗುಮುರುಗು. ಇಲ್ಲಿ ೧೯೪೭ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯೆಂಬ ಒಂದೇ ಮನೆ ಕಟ್ಟಿಕೊಂಡವು. ಬಿಷಪ್ಪರಿದ್ದಾರೆ, ಸಿನಡ್ ಇದೆ. ಅಮೆರಿಕದಲ್ಲಿ ಪಂಗಡದ ಜಗಳ ಬೇಡವೆನಿಸಿದವರು ಕೂಡುವ ಬದಲು ಪಂಗಡವನ್ನೇ ತೊರೆದರು. ೨೦೨೦ರ ಗಣತಿಯೊಂದರ ಪ್ರಕಾರ ಅಲ್ಲಿ ಪಂಗಡವಿಲ್ಲದ ಸಭೆಗಳು ೪೪ ಸಾವಿರಕ್ಕೂ ಹೆಚ್ಚು, ಅನುಯಾಯಿಗಳು ಸುಮಾರು ೨ ಕೋಟಿ ೧೦ ಲಕ್ಷ. ವರ್ಗವಾಗಿ ಬಂದ ಸಂಸಾರಕ್ಕೆ ಇದು ಅನುಕೂಲ. ಗಂಡ ಲೂಥರನ್, ಹೆಂಡತಿ ಕ್ಯಾಥೊಲಿಕ್ ಆಗಿದ್ದರೂ ಇಲ್ಲಿ ಯಾರೂ ಯಾರ ಮನೆಗೂ ಸೊಸೆಯಾಗಿ ಹೋಗಬೇಕಾದ್ದಿಲ್ಲ. ಮೇಲಿನವರ ಅಪ್ಪಣೆಗೆ ಕಾಯದೆ ಬೇಕಾದ್ದನ್ನು ಬೇಕಾದಾಗ ಮಾಡಬಹುದು. ಆದರೆ ಮೇಲಿನವರೇ ಇಲ್ಲವೆಂದ ಮೇಲೆ ಮೇಲ್ಮನವಿಯೂ ಇಲ್ಲ. ಸಭಾಪಾಲಕನ ಮೇಲೆ ದೂರಿದ್ದರೆ ಹೇಳಿಕೊಳ್ಳುವುದು ಆ ಸಭೆಯ ಹಿರಿಯರಲ್ಲೇ. ಆ ಹಿರಿಯರು ಅವನ ಬೋಧನೆಯಿಂದಲೇ ಒಳಗೆ ಬಂದವರು, ಅವನ ಜೊತೆ ಇಪ್ಪತ್ತು ಮೂವತ್ತು ವರ್ಷ ದುಡಿದವರು. ಎಲ್ಲವೂ ನೆಟ್ಟಗಿರುವ ತನಕ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಚರ್ಚಿನವರು ಜನರನ್ನು ಕೇಳುವ ಅಭ್ಯಾಸವನ್ನೇನೂ ಬಿಟ್ಟಿರಲಿಲ್ಲ. ೨೦೦೪ರಿಂದ ತಮ್ಮ ಸದಸ್ಯರ ನಡುವೆಯೇ ದೊಡ್ಡ ಸಮೀಕ್ಷೆ ನಡೆಸಿ, ಅದರ ಫಲವನ್ನು ೨೦೦೭ರಲ್ಲಿ ಪುಸ್ತಕವಾಗಿ ಹೊರತಂದರು. ಚರ್ಚಿನ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಚ್ಚು ತೊಡಗಿದವರ ಭಕ್ತಿಯೂ ಹೆಚ್ಚು ಹೆಚ್ಚು ಬಲಿಯುತ್ತದೆಂಬುದು ಅವರ ಎಣಿಕೆಯಾಗಿತ್ತು. ಎಣಿಕೆ ತಪ್ಪಿತ್ತು. ಭಕ್ತಿಯಲ್ಲಿ ಎಲ್ಲರಿಗಿಂತ ಮುಂದಿದ್ದವರಲ್ಲೇ ಹಲವರು ತಮಗೆ ತೃಪ್ತಿಯಿಲ್ಲ, ಇಲ್ಲಿ ಸಿಗುವ ಆಹಾರ ಸಾಲದು, ಬಿಟ್ಟುಹೋಗುವ ಯೋಚನೆಯಿದೆ ಎಂದು ಬರೆದುಕೊಟ್ಟಿದ್ದರು. ಕೋಟ್ಯಂತರ ಹಣ ಸುರಿದ ಕಾರ್ಯಕ್ರಮಗಳು ನಿರೀಕ್ಷಿಸಿದ ಫಲ ಕೊಡಲಿಲ್ಲವೆಂದು ಹೈಬಲ್ಸರು ಬಹಿರಂಗವಾಗಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ತನ್ನ ಲೆಕ್ಕ ತಾನೇ ತೆಗೆದು, ನಷ್ಟವನ್ನು ಊರ ಮುಂದೆ ಓದಿ ಹೇಳುವ ಧಾರ್ಮಿಕ ಸಂಸ್ಥೆಗಳು ಯಾವ ಮತದಲ್ಲೂ ಹೆಚ್ಚಿಲ್ಲ.

ಆದರೆ ಕಾಗದದ ಮೇಲೆ ಹೆಸರಿಲ್ಲದೆ ಬರುವ ಉತ್ತರ ಬೇರೆ. ಹೆಸರು ಮುಖಗಳಿರುವ ಹೆಂಗಸೊಬ್ಬಳು ಬಂದು ಹೇಳುವ ಮಾತು ಬೇರೆ. ೨೦೧೪ರಲ್ಲಿ ಹೈಬಲ್ಸರ ನಡತೆಯ ಮೇಲೆ ಹಿರಿಯರ ಕಿವಿಗೆ ದೂರು ಬಿತ್ತು. ವಿಚಾರಣೆಗಳಾದವು, ದೋಷವಿಲ್ಲವೆಂದು ತೀರ್ಮಾನವಾಯಿತು. ಆ ವಿಚಾರಣೆ ಸಾಲದೆಂದು ಸಂಕಟಪಟ್ಟವರಲ್ಲಿ ಹೊರಗಿನ ವೈರಿಗಳಿರಲಿಲ್ಲ. ಆರಂಭದ ದಿನಗಳಿಂದ ಜೊತೆಗಿದ್ದವರು, ಬೋಧಿಸಿದವರು, ಕಟ್ಟಿ ಬೆಳೆಸಿದವರು ಇದ್ದರು. ಕಡೆಗೆ ೨೦೧೮ರ ಮಾರ್ಚಿಯಲ್ಲಿ 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆ ಹಲವು ಮಹಿಳೆಯರ ಆಪಾದನೆಗಳನ್ನು ಪ್ರಕಟಿಸಿತು: ಸಲ್ಲದ ಮಾತು, ಸಲ್ಲದ ಸಲಿಗೆ, ಅಧಿಕಾರದ ದುರ್ಬಳಕೆ. ಹೈಬಲ್ಸರು ಎಲ್ಲವನ್ನೂ ಅಲ್ಲಗಳೆದರು. ಹಿರಿಯರು ಅವರ ಬೆನ್ನಿಗೆ ನಿಂತರು. ಆಪಾದನೆ ಮಾಡಿದವರ ಉದ್ದೇಶವನ್ನೇ ಶಂಕಿಸಿದ ಮಾತುಗಳು ಹೊರಬಂದವು. ಸಭೆ ಸೇರಿದಾಗ ಜನ ಎದ್ದು ನಿಂತು ತಮ್ಮ ಸಭಾಪಾಲಕನಿಗೆ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನು ಸುಮ್ಮನೆ ಹಳಿಯುವುದು ಸುಲಭ. ತಟ್ಟಿದವರಲ್ಲಿ ವಂಚಕರಿರಲಿಲ್ಲ, ಅವನ ಮಾತು ಕೇಳಿ ಕುಡಿತ ಬಿಟ್ಟವರು, ಒಡೆದ ಸಂಸಾರ ಕೂಡಿಸಿಕೊಂಡವರು ಇದ್ದಿರಬಹುದು. ಅವರಿಗೆ ಅವನನ್ನು ಸಂಶಯಿಸುವುದೆಂದರೆ ತಮ್ಮ ಬದುಕು ತಿರುಗಿದ ದಿನವನ್ನೇ ಸಂಶಯಿಸಿದಂತೆ. ಆದರೆ ದೂರು ಹೊತ್ತು ಬಂದ ಹೆಂಗಸರಿಗೆ ಆ ಚಪ್ಪಾಳೆಯ ಸದ್ದು ಹೇಗೆ ಕೇಳಿಸಿದ್ದೀತು! ಅವರೂ ಆ ಸಭೆಯವರೇ. ಮೊದಲ ದಿನಗಳಿಂದಲೂ ಸಭೆಯ ಹಿರಿಯರ ಸ್ಥಾನಕ್ಕೆ ಹೆಂಗಸರನ್ನು ಏರಿಸಿದ ಚರ್ಚೆಂದು ವಿಲೋ ಕ್ರೀಕಿಗೆ ಹೆಸರಿತ್ತು. ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಕನ್ನಡದಲ್ಲಿರುವುದು ಒಂದೇ ಮಾತು, ಕೇಳುವುದು. ಮನೆಮನೆಗೆ ಹೋಗಿ ಗುರುತಿಲ್ಲದವರನ್ನು ಕೇಳಿದ ಚರ್ಚಿಗೆ, ತನ್ನ ಒಳಮನೆಯವರು ತಾವಾಗಿ ಬಂದು ಹೇಳಿದ್ದು ಕೇಳಿಸಲಿಲ್ಲ. ಗುರುತಿಲ್ಲದವನ ಉತ್ತರ ಚರ್ಚನ್ನು ಬೆಳೆಸುವಂಥದು. ಇವರ ಮಾತು ಅದರ ಬುಡವನ್ನೇ ಅಲುಗಿಸುವಂಥದು.

ಮುಂದಿನದೆಲ್ಲ ಬೇಗನೆ ನಡೆದುಹೋಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಹೈಬಲ್ಸರು ಪದವಿ ಬಿಟ್ಟರು. ಅಕ್ಟೋಬರಿನಲ್ಲಿ ನಿವೃತ್ತರಾಗಬೇಕಿದ್ದವರು ಆರು ತಿಂಗಳು ಮೊದಲೇ ಹೋದರು. ಆಗಸ್ಟಿನಲ್ಲಿ ಅವರ ಹಿಂದಿನ ಸಹಾಯಕಿಯೊಬ್ಬರ ಮಾತುಗಳು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾದವು. ಕೆಲವೇ ದಿನಗಳಲ್ಲಿ, ಹೈಬಲ್ಸರ ಉತ್ತರಾಧಿಕಾರಿಗಳೆಂದು ಆರಿಸಿದ್ದ ಇಬ್ಬರೂ ರಾಜೀನಾಮೆ ಕೊಟ್ಟರು. ಹಿರಿಯರ ಮಂಡಲಿಗೆ ಮಂಡಲಿಯೇ ತಾನು ಮಹಿಳೆಯರನ್ನು ನಂಬದೆ ತಪ್ಪಿದೆನೆಂದು ಕ್ಷಮೆ ಕೇಳಿ, ಅಧಿಕಾರ ಬಿಡುವುದಾಗಿ ಸಾರಿತು. ಪಂಗಡವಿಲ್ಲದ ಚರ್ಚಿಗೆ ಹೊರಗಿನ ಪಂಚರು ಬೇಕಾದರು. ಬೇರೆ ಬೇರೆ ಕಡೆಯ ಕ್ರೈಸ್ತ ಮುಖಂಡರ ಸ್ವತಂತ್ರ ಮಂಡಲಿಯೊಂದು ಎಲ್ಲವನ್ನೂ ಪರಿಶೀಲಿಸಿ, ಆಪಾದನೆಗಳು ನಂಬಲರ್ಹವೆಂದು ೨೦೧೯ರಲ್ಲಿ ವರದಿ ಕೊಟ್ಟಿತು. ಮೊದಲ ದೂರಿಗೆ ಆಗ ಐದು ವರ್ಷ.

ಜನ ಚದುರಿದರು. ೨೦೧೮ಕ್ಕೆ ಮುಂಚೆ ತನ್ನ ಎಲ್ಲ ಶಾಖೆಗಳನ್ನೂ ಸೇರಿಸಿ ವಾರಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರನ್ನು ಎಣಿಸುತ್ತಿದ್ದ ಚರ್ಚಿಗೆ, ೨೦೨೦ರಲ್ಲಿ ಹೊಸ ಸಭಾಪಾಲಕ ಬರುವ ಹೊತ್ತಿಗೆ ಸಾಂಕ್ರಾಮಿಕವೂ ಬಂದಿತ್ತು. ೨೦೨೨ರಲ್ಲಿ ಸಿಬ್ಬಂದಿಯನ್ನು ಬಹಳವಾಗಿ ಇಳಿಸಬೇಕಾಯಿತು. ಆದರೂ ಬಾಗಿಲು ಮುಚ್ಚಲಿಲ್ಲ.

ಸುತ್ತಲಿನ ಊರುಗಳೂ ಈಗ ಹೊಸವಲ್ಲ. ಶಾಂಬರ್ಗಿನಲ್ಲಿ ಮುಖ್ಯ ಕಛೇರಿ ಹೊಂದಿದ್ದ ಮೊಟೊರೊಲಾ ೨೦೧೬ರಲ್ಲಿ ಅದನ್ನು ಷಿಕಾಗೊ ನಗರಕ್ಕೆ ಒಯ್ದಿತು. ನಗರ ಬೇಡವೆಂದು ಹೊರಗೆ ಬಂದವರ ಮಕ್ಕಳಿಗೆ ನಗರವೇ ಬೇಕಾಗಿದೆ! ಅವರು ಬಿಟ್ಟ ಮನೆಗಳಲ್ಲಿ ಮೆಕ್ಸಿಕೊ, ಕೊರಿಯಾ, ಭಾರತಗಳಿಂದ ಬಂದವರು ನೆಲೆಸಿದ್ದಾರೆ. ಕನ್ನಡ ಮಾತನಾಡುವ ಮನೆಗಳೂ ಅವುಗಳ ನಡುವೆ ಇವೆ. ವಿಲೋ ಕ್ರೀಕಿನಲ್ಲಿ ಸ್ಪ್ಯಾನಿಷ್ ಮಾತನಾಡುವವರಿಗೆ ಬೇರೊಂದು ಸಭೆಯಾಯಿತು. ಭಾರತೀಯರು ೧೯೮೦ರ ದಶಕದಲ್ಲಿ ಲೆಮಾಂಟಿನಲ್ಲಿ ಶ್ರೀರಾಮನ ಗುಡಿಯನ್ನೂ ಅರೋರಾದಲ್ಲಿ ಬಾಲಾಜಿಯ ಗುಡಿಯನ್ನೂ ಕಟ್ಟಿಕೊಂಡರು. ಅವಕ್ಕೆ ಗೋಪುರವೇನೋ ಇದೆ. ಆದರೆ ವಿಸ್ತಾರವಾದ ಕಾರುನಿಲ್ದಾಣ, ವಾರಾಂತ್ಯದ ನೂಕುನುಗ್ಗಲು, ಮಕ್ಕಳ ಪಾಠ, ಕೆಳಗಡೆಯ ಊಟದ ಮನೆಗಳೂ ಇವೆ. ಬಡಾವಣೆಯ ಒಂಟಿತನಕ್ಕೆ ಎಲ್ಲ ದೇವರುಗಳೂ ಒಂದೇ ಬಗೆಯ ಏರ್ಪಾಡು ಮಾಡಬೇಕಾಗಿ ಬಂತೆಂದು ತೋರುತ್ತದೆ. ಅವುಗಳೊಳಗೂ ಹಿರಿಯರಿದ್ದಾರೆ, ದೂರುಗಳೂ ಇದ್ದೀತು.

ವಿಲೋ ಕ್ರೀಕಿನ ಕಥೆಯಲ್ಲಿ ಎಲ್ಲರಿಗಿಂತ ಇಕ್ಕಟ್ಟಿಗೆ ಸಿಕ್ಕಿದವನು ಬಿಡುವಿನಲ್ಲಿ ಕಾರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ಸಾಮಾನ್ಯ ಸದಸ್ಯ. ವೇದಿಕೆಯ ಮೇಲಿನವನನ್ನು ಅವನು ಹತ್ತಿರದಿಂದ ಕಂಡಿದ್ದಿರಲಾರ. ಅವನನ್ನು ಆ ಕೆಲಸಕ್ಕೆ ಹಚ್ಚಿದ್ದು ಮಾತ್ರ ಆ ವೇದಿಕೆಯ ಮಾತೇ. ಮಾತನಾಡಿದವನು ಹೋದ, ಮಾತು ಸುಳ್ಳೆಂದು ಇವನು ಬಗೆಯಬೇಕೆ? ಕೆಲವರು ಬೇಸತ್ತು ಚರ್ಚಿನ ಸಹವಾಸವನ್ನೇ ಬಿಟ್ಟರು. ಕೆಲವರು ಹೆಸರು ಹಿಡಿದು ಕರೆಯುವ ಸಣ್ಣ ಚರ್ಚುಗಳಿಗೆ ಹೋದರು. ಉಳಿದವರೂ ಇದ್ದಾರೆ. ಅವರು ಉಳಿದದ್ದು ಸಭಾಪಾಲಕನಿಗಾಗಿ ಅಲ್ಲ. ಸಣ್ಣ ಕೂಟದ ಎಂಟು ಹತ್ತು ಜನ ಇನ್ನೂ ಅಲ್ಲಿದ್ದರು, ಮತ್ತು ಯಾರದೋ ಕಾರು ಅರ್ಧ ಬಿಚ್ಚಿಟ್ಟಿತ್ತು.